ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ: ತರಬೇತಿ ಮೊದಲು ಸೂಪರ್‌ವೈಸರ್‌ಗಳಿಗೆ ಕಡ್ಡಾಯವಾಗಲಿ

ಮಾನ್ಯ ಸಚಿವರೇ, ನಮಸ್ಕಾರ.

ಜಾತಿ, ಧರ್ಮ, ಭಾಷೆ, ಹೆಣ್ಣು-ಗಂಡು, ಅಂಗವೈಕಲ್ಯ ನೋಡಿ ಜೊತೆಗೆ ಕೆಲಸ ಮಾಡುವವರನ್ನು ಕೀಳಾಗಿ ಕಾಣಬಾರದು ಅಂತ ಹೇಳಿಕೊಡುವ ತರಬೇತಿಗೆ ಕಂಪನಿಗಳಲ್ಲಿ ಡೈವರ್ಸಿಟಿ ಟ್ರೈನಿಂಗ್ ಅನ್ನುತ್ತಾರೆ. ಮಾಲೀಕರು ಇದನ್ನು ಕಡ್ಡಾಯ ಮಾಡಬೇಕಾ, ಬೇಡವಾ ಅನ್ನುವ ಚರ್ಚೆ ಬಂದಾಗಲೆಲ್ಲ ಅದು ಐಟಿ ಕಂಪನಿಗಳ ವಿಷಯ ಅಂತ ಎಲ್ಲರೂ ಪಕ್ಕಕ್ಕಿಡುತ್ತಾರೆ. ನಾನು ಬರೆಯುತ್ತಿರುವುದು ಗಾರ್ಮೆಂಟ್ಸ್ ಕಡೆಯಿಂದ. ಬೆಂಗಳೂರು ಸುತ್ತಮುತ್ತಲ ಫ್ಯಾಕ್ಟರಿಗಳಲ್ಲಿ ವೆಲ್ಫೇರ್ ಆಫೀಸರ್ ಆಗಿ ಕೆಲಸ ಮಾಡಿದವಳು ನಾನು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರಿನ ತನಕ ಹಬ್ಬಿರುವ ಈ ಕೆಲಸದಲ್ಲಿ ಲಕ್ಷಗಟ್ಟಲೆ ಹೆಂಗಸರಿದ್ದಾರೆ. ಒಂದೇ ಲೈನಿನಲ್ಲಿ ಕನಕಪುರದ ಹೆಂಗಸು, ಅನಂತಪುರದ ಹೆಂಗಸು, ಒಡಿಶಾದ ಹುಡುಗಿ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿರುತ್ತಾರೆ. ಇಷ್ಟು ಬಗೆಯ ಜನ ಒಟ್ಟಿಗೆ ಕೂರುವ ಜಾಗ ಯಾವ ಐಟಿ ಪಾರ್ಕಿನಲ್ಲಿದೆ ಹೇಳಿ?

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ತರಬೇತಿಯನ್ನು ಕಡ್ಡಾಯ ಮಾಡಿ. ಆದರೆ ಮೊದಲು ಕಡ್ಡಾಯವಾಗಬೇಕಾದದ್ದು ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್‌ಗಳಿಗೆ. ಟೈಲರ್‌ಗಳಿಗೂ ಹೆಲ್ಪರ್‌ಗಳಿಗೂ ಅದು ಬೇಕು, ಆದರೆ ಅವರಿಂದ ಶುರು ಮಾಡಬೇಡಿ.

ಈಗ ತರಬೇತಿ ಹೇಗೆ ನಡೆಯುತ್ತದೆ ಅಂತ ತಮಗೆ ಗೊತ್ತಿರಬೇಕು. ಬೈಯರ್ ಆಡಿಟ್, ಅಂದರೆ ಬಟ್ಟೆ ಕೊಳ್ಳುವ ಕಂಪನಿಯವರ ತಪಾಸಣೆ, ಹತ್ತಿರ ಬಂದಾಗ ಎಚ್.ಆರ್.ನವರಿಗೆ ಅದರ ನೆನಪಾಗುತ್ತದೆ. ಊಟದ ಹೊತ್ತಲ್ಲಿ ಕ್ಯಾಂಟೀನಿಗೆ ಒಂದಿಷ್ಟು ಹೆಂಗಸರನ್ನು ಕರೆದು ಕೂರಿಸುತ್ತಾರೆ. ಗೋಡೆಗೊಂದು ಬ್ಯಾನರ್. ಹೊರಗಿನಿಂದ ಬಂದವರು ಇಂಗ್ಲಿಷ್ ಸ್ಲೈಡ್ ಹಾಕಿ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಕೂತವರ ಕಣ್ಣೆಲ್ಲ ಗಡಿಯಾರದ ಮೇಲೆ, ಯಾಕಂದ್ರೆ ಬೆಲ್ ಆದ ಮೇಲೆ ಗಂಟೆಯ ಟಾರ್ಗೆಟ್ ಕಮ್ಮಿಯಾಗುವುದಿಲ್ಲ. ಕೊನೆಗೆ ಹಾಳೆಯಲ್ಲಿ ಸಹಿ, ಒಂದು ಗ್ರೂಪ್ ಫೋಟೋ. ಸೂಪರ್‌ವೈಸರ್‌ಗಳು ಎಲ್ಲಿ? ಫ್ಲೋರ್ ಬಿಟ್ಟು ಬರೋಕಾಗಲ್ಲ, ಶಿಪ್‌ಮೆಂಟ್ ಇದೆ ಅಂತ ಅವರು ಅಲ್ಲೇ ಇರುತ್ತಾರೆ. ‘ನಿಮಗೆ ಯಾರಾದರೂ ಕೆಟ್ಟದಾಗಿ ಮಾತಾಡಿದರೆ ಹೇಳಿ’ ಅಂತ ಹೆಂಗಸರಿಗೆ ಹೇಳಿಕೊಡುತ್ತೇವೆ. ಕೆಟ್ಟದಾಗಿ ಮಾತಾಡುವವನಿಗೆ ಯಾರೂ ಏನೂ ಹೇಳಿಕೊಡುವುದಿಲ್ಲ.

ಕಾನೂನು ಕೇಳಿದ್ದು ಇಂಥ ತರಬೇತಿಯನ್ನಲ್ಲ. ರಾಜಸ್ಥಾನದ ಭಂವರಿ ದೇವಿ ಎಂಬ ಹೆಣ್ಣುಮಗಳು ಸರ್ಕಾರದ ಯೋಜನೆಯೊಂದರಲ್ಲಿ ದುಡಿಯುತ್ತಾ ಬಾಲ್ಯವಿವಾಹ ತಡೆಯಲು ಹೋಗಿ, 1992ರಲ್ಲಿ ಅತ್ಯಾಚಾರಕ್ಕೆ ಒಳಗಾದಳು. ಆ ಘಟನೆಯ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು, 1997ರಲ್ಲಿ ವಿಶಾಖಾ ತೀರ್ಪು ಬಂತು. ಅದರಿಂದ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹುಟ್ಟಿತು, ನಾವೆಲ್ಲ ‘ಪಾಶ್’ ಅನ್ನುವ ಕಾಯ್ದೆ. ಅದರ 19ನೇ ಸೆಕ್ಷನ್ ನೋಡಿ. ನೌಕರರಲ್ಲಿ ಅರಿವು ಮೂಡಿಸುವ ಕಾರ್ಯಾಗಾರಗಳನ್ನು ಆಗಾಗ ನಡೆಸುವುದು ಮಾಲೀಕರ ಕರ್ತವ್ಯ ಅಂತ ಅಲ್ಲಿದೆ. ನೌಕರ ಅಂದರೆ ಗುತ್ತಿಗೆಯವರೂ, ದಿನಗೂಲಿಯವರೂ, ಟ್ರೈನಿಗಳೂ ಸೇರಿದರು. ಅಂದರೆ ಹೌಸ್‌ಕೀಪಿಂಗ್ ಅಕ್ಕನೂ ಸೇರಿದಳು, ಗೇಟಿನ ಸೆಕ್ಯುರಿಟಿಯವರೂ ಸೇರಿದರು. ಆದ್ದರಿಂದ ‘ತರಬೇತಿ ಕಡ್ಡಾಯ ಮಾಡಬೇಕಾ’ ಅನ್ನುವ ಪ್ರಶ್ನೆಗೆ, ಲೈಂಗಿಕ ಕಿರುಕುಳದ ಮಟ್ಟಿಗೆ ಈ ದೇಶ ಹತ್ತು ವರ್ಷದ ಹಿಂದೆಯೇ ಹೌದು ಅಂದಿದೆ. ಹೇಗೆ, ಎಷ್ಟು ಹೊತ್ತು, ಯಾವ ಭಾಷೆಯಲ್ಲಿ, ಯಾರಿಗೆ ಮೊದಲು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳಿಲ್ಲ. ಆ ಸಂದಿಯಲ್ಲೇ ನಮ್ಮ ಕ್ಯಾಂಟೀನ್ ತರಬೇತಿ ನಡೆಯುತ್ತಿದೆ.

ಉಳಿದ ವಿಷಯಗಳಲ್ಲಿ ಇನ್ನೂ ಕಷ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅನ್ನುತ್ತದೆ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಕೆಲಸದಲ್ಲಿ ತಾರತಮ್ಯ ಮಾಡಬಾರದು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅನ್ನುತ್ತದೆ. ಈ ಎರಡು ಕಾಯ್ದೆ ಇವೆ ಅನ್ನುವುದೇ ಫ್ಲೋರಿನಲ್ಲಿ ಯಾರಿಗೂ ಗೊತ್ತಿಲ್ಲ. ಜಾತಿಯ ವಿಷಯಕ್ಕೆ ಬಂದರೆ, ದೌರ್ಜನ್ಯ ತಡೆ ಕಾಯ್ದೆ ಇದೆ ನಿಜ. ಅದು ಪೊಲೀಸ್ ಠಾಣೆಯ ತನಕ ಹೋಗುವ ಗಟ್ಟಿ ಅಪರಾಧಗಳಿಗೆ. ಫ್ಯಾಕ್ಟರಿಯ ಒಳಗೆ ದಿನಾ ನಡೆಯುವ ಸಣ್ಣ ಸಣ್ಣ ಅವಮಾನವನ್ನು ಹೇಳಿಕೊಳ್ಳಲು, ಲೈಂಗಿಕ ಕಿರುಕುಳದ ದೂರು ಕೇಳುವ ಪಾಶ್ ಸಮಿತಿಯಂಥ ಒಂದು ಬಾಗಿಲು ಅಲ್ಲಿಲ್ಲ.

ಆ ಸಣ್ಣ ಅವಮಾನ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇಲ್ಲೇ ಜಾಸ್ತಿ ಜನ ‘ನಮ್ಮ ಫ್ಯಾಕ್ಟರಿಯಲ್ಲಿ ಅಂಥದ್ದೇನಿಲ್ಲ’ ಅನ್ನುವುದು. ಹೊಸದಾಗಿ ಸೇರಿದ ಹುಡುಗಿಗೆ ಮೊದಲ ವಾರದಲ್ಲೇ ಬರುವ ಪ್ರಶ್ನೆ ‘ನೀವು ಯಾವ ಜನ?’ ಅವಳು ಮಾತು ತೇಲಿಸಿದರೆ ಊರು ಕೇಳುತ್ತಾರೆ, ಊರಾದ ಮೇಲೆ ಬೀದಿ ಕೇಳುತ್ತಾರೆ, ಮನೆದೇವರು ಯಾವುದು ಅಂತ ಕೇಳುತ್ತಾರೆ. ಗೊತ್ತಾದ ಮೇಲೆ ಊಟದ ಹೊತ್ತಲ್ಲಿ ಡಬ್ಬಿ ಹಂಚಿಕೊಳ್ಳುವ ಗುಂಪು ಮೆಲ್ಲಗೆ ಸರಿದು ಕೂರುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಅವಳ ಬಾಟಲಿಯ ನೀರನ್ನು ಯಾರೂ ಕೇಳುವುದಿಲ್ಲ, ಅಷ್ಟೇ. ಹೌಸ್‌ಕೀಪಿಂಗ್‌ನವರು ಬಾರದ ದಿನ ಟಾಯ್ಲೆಟ್ ತೊಳೆಯಲು ಹೆಲ್ಪರ್‌ಗಳಲ್ಲಿ ಒಬ್ಬರನ್ನು ಕಳಿಸಬೇಕಾದಾಗ ಸೂಪರ್‌ವೈಸರ್ ಯಾರ ಕಡೆ ಕೈ ತೋರಿಸುತ್ತಾನೆ ಅಂತ ನೋಡಿ. ಸುಮ್ನೆ ಕೈಗೆ ಸಿಕ್ಕವರನ್ನು ಕಳಿಸಿದೆ ಅಂತ ಅವನು ಹೇಳಬಹುದು. ಪ್ರತಿ ಸಲವೂ ಅದೇ ಕೇರಿಯ ಹೆಂಗಸರೇ ಕೈಗೆ ಸಿಗುತ್ತಾರೆ.

ಒಡಿಶಾ, ಜಾರ್ಖಂಡ್, ಅಸ್ಸಾಂನಿಂದ ಬಂದ ಹುಡುಗಿಯರ ಕಥೆ ಬೇರೆ. ಅವರೆಲ್ಲರಿಗೂ ಸೇರಿ ಒಂದೇ ಹೆಸರು, ‘ಹಿಂದಿ ಹುಡುಗೀರು’. ಒಡಿಯಾ ಮಾತಾಡುವವಳೂ ಹಿಂದಿಯವಳೇ, ಸಂತಾಲಿ ಮಾತಾಡುವವಳೂ ಹಿಂದಿಯವಳೇ. ಹಾಸ್ಟೆಲ್, ಫ್ಯಾಕ್ಟರಿ, ಮತ್ತೆ ಹಾಸ್ಟೆಲ್ ಅವರ ಜೀವನ. ಬೈಗುಳ ಅರ್ಥವಾಗದೆ ಅವರು ನಕ್ಕರೆ, ‘ನಗ್ತೀಯೇನೇ’ ಅಂತ ಇನ್ನೊಂದು ಸುತ್ತು ಬೈಗುಳ. ಇತ್ತ ನಮ್ಮ ಕನ್ನಡದ ಹೆಂಗಸರಿಗೆ, ಓವರ್‌ಟೈಮಿಗೆ ಬೇಡ ಅನ್ನದ ಇವರಿಂದ ನಮ್ಮ ಕೆಲಸಕ್ಕೆ ಕುತ್ತು ಅನ್ನುವ ಭಯ. ಆ ಭಯ ಸುಳ್ಳಲ್ಲ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಕೆಲಸವನ್ನು ಯಾವ ಆಡಿಟ್ ಕೂಡ ಕೇಳುವುದಿಲ್ಲ.

ಕಿವಿ ಕೇಳಿಸದ ಟೈಲರ್‌ಗಳ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಅವರು ತುಂಬ ಚೆನ್ನಾಗಿ ಹೊಲಿಯುತ್ತಾರೆ ಅಂತ ಎಲ್ಲ ಫ್ಯಾಕ್ಟರಿಯವರೂ ಹೊಗಳುತ್ತಾರೆ. ಆದರೆ ಅವರನ್ನು ಕರೆಯಬೇಕಾದಾಗ ಹಿಂದಿನಿಂದ ಬಂದು ತಲೆಗೆ ಮೊಟಕುವುದನ್ನು ನಾನು ನೋಡಿದ್ದೇನೆ. ಮುಂದೆ ಬಂದು ಕೈ ಬೀಸಿದರೆ ಸಾಕು. ಇದನ್ನು ಕಲಿಸಲು ಐದು ನಿಮಿಷ ಬೇಕು. ಯಾರೂ ಕಲಿಸಿಲ್ಲ.

ಇದಕ್ಕೆಲ್ಲ ತರಬೇತಿ ಮದ್ದಾ ಅಂತ ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂಥ ತರಬೇತಿಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಮಾಡಿಸಿ ನೋಡಿದ ದೇಶ ಅಮೆರಿಕ. 2018ರಲ್ಲಿ ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್ ಅಂಗಡಿಯಲ್ಲಿ ಗೆಳೆಯನಿಗಾಗಿ ಕಾಯುತ್ತಾ ಕೂತಿದ್ದ ಇಬ್ಬರು ಕಪ್ಪು ಯುವಕರನ್ನು ಪೊಲೀಸರನ್ನು ಕರೆಸಿ ಹಿಡಿಸಿದರು. ಗಲಾಟೆಯಾದ ಮೇಲೆ ಆ ಕಂಪನಿ ಮೇ 29ರ ಮಧ್ಯಾಹ್ನ 8,000ಕ್ಕೂ ಹೆಚ್ಚು ಅಂಗಡಿಗಳನ್ನು ಮುಚ್ಚಿ ಸುಮಾರು 1,75,000 ನೌಕರರಿಗೆ ತರಬೇತಿ ಕೊಟ್ಟಿತು. ಒಂದು ಮಧ್ಯಾಹ್ನದಲ್ಲಿ ಎಷ್ಟು ಬದಲಾಗುತ್ತದೆ ಅಂತ ಆಗಲೇ ಅಲ್ಲಿಯವರೇ ಕೇಳಿದ್ದರು. ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 800ಕ್ಕೂ ಹೆಚ್ಚು ಅಮೆರಿಕನ್ ಕಂಪನಿಗಳ ಮೂರು ದಶಕದ ಲೆಕ್ಕ ತೆಗೆದು 2016ರಲ್ಲಿ ಬರೆದದ್ದು ಇನ್ನೂ ಕಟುವಾಗಿದೆ. ಮ್ಯಾನೇಜರ್‌ಗಳಿಗೆ ಕಡ್ಡಾಯ ಡೈವರ್ಸಿಟಿ ತರಬೇತಿ ತಂದು ಐದು ವರ್ಷವಾದರೂ ಮೇಲಿನ ಹುದ್ದೆಗಳಲ್ಲಿ ಬಿಳಿಯ ಹೆಂಗಸರ ಪಾಲಾಗಲಿ ಕಪ್ಪು ಗಂಡಸರ ಪಾಲಾಗಲಿ ಏರಲಿಲ್ಲ, ಕಪ್ಪು ಹೆಂಗಸರ ಪಾಲು ಇಳಿಯಿತು. ‘ನಿನ್ನ ಮನಸ್ಸಲ್ಲಿ ಕೊಳೆ ಇದೆ, ಬಂದು ತೊಳೆದುಕೋ’ ಅಂತ ಬಲವಂತ ಮಾಡಿದರೆ ಮನುಷ್ಯ ಮುನಿಸಿಕೊಳ್ಳುತ್ತಾನೆ. ಇದಕ್ಕೆ ಅಮೆರಿಕದವನೇ ಆಗಬೇಕಿಲ್ಲ, ನಮ್ಮ ಲೈನ್ ಸೂಪರ್‌ವೈಸರೂ ಹಾಗೇ.

ಕಡ್ಡಾಯ ಬೇಡ ಅನ್ನುವವರು ಈ ಲೆಕ್ಕವನ್ನು ತೋರಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ಇಬ್ಬರು 2019ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಈ ಸಲ ಲೈಂಗಿಕ ಕಿರುಕುಳ ತಡೆಯುವ ತರಬೇತಿಯನ್ನೇ ನೋಡಿದರು. ಎಲ್ಲ ನೌಕರರನ್ನೂ ಆರೋಪಿಗಳ ಹಾಗೆ ಕೂರಿಸಿ ‘ಇದು ಮಾಡಬೇಡ, ಅದು ಮಾಡಬೇಡ’ ಅನ್ನುವ ತರಬೇತಿ ತಿರುಗುಬಾಣವಾಗಬಹುದು ಅಂತ ಕಂಡಿತು. ಆದರೆ ಮ್ಯಾನೇಜರ್‌ಗಳನ್ನು ತೊಂದರೆಗೊಳಗಾದವರ ಜೊತೆ ನಿಲ್ಲುವವರು ಅಂತ ನಂಬಿ, ಕಣ್ಣೆದುರು ನಡೆದಾಗ ಏನು ಮಾಡಬೇಕು, ಹೇಗೆ ಮಧ್ಯೆ ಹೋಗಬೇಕು ಅಂತ ಕಲಿಸಿದ ಕಡೆ, ಮೇಲಿನ ಹುದ್ದೆಗಳಲ್ಲಿ ಹೆಂಗಸರ ಸಂಖ್ಯೆ ಏರಿತ್ತು. ಸೂಪರ್‌ವೈಸರ್‌ಗಳಿಂದ ಶುರು ಮಾಡಿ ಅಂತ ನಾನು ಕೇಳುವುದು ಇದೇ ಕಾರಣಕ್ಕೆ. ಅವರನ್ನು ಕಟಕಟೆಯಲ್ಲಿ ನಿಲ್ಲಿಸಲು ಅಲ್ಲ. ಫ್ಲೋರಿನಲ್ಲಿ ಏನು ನಡೆದರೂ ಮೊದಲು ಕಾಣುವುದು ಅವರ ಕಣ್ಣಿಗೆ, ಅದನ್ನು ನಿಲ್ಲಿಸುವ ಅಧಿಕಾರ ಇರುವುದೂ ಅವರ ಕೈಯಲ್ಲಿ.

ಮತ್ತೊಂದು ವಿಷಯ. ಯಾರ ಮನಸ್ಸನ್ನೂ ಕಾನೂನು ಹಾಕಿ ಬದಲಾಯಿಸಲು ಆಗುವುದಿಲ್ಲ, ಅದಕ್ಕೆ ಕೈ ಹಾಕುವುದೂ ಬೇಡ. ಒಬ್ಬ ಸೂಪರ್‌ವೈಸರ್ ಮನೆಯಲ್ಲಿ ಏನು ನಂಬುತ್ತಾನೆ ಅನ್ನುವುದು ಸರ್ಕಾರದ ಕೆಲಸ ಅಲ್ಲ. ಫ್ಲೋರಿನಲ್ಲಿ ಅವನು ಹೇಗೆ ನಡೆದುಕೊಳ್ಳಬೇಕು ಅನ್ನುವುದು ಖಂಡಿತ ಸರ್ಕಾರದ ಕೆಲಸ. ಮೆಷಿನ್ ಗಾರ್ಡ್ ತೆಗೆಯಬಾರದು ಅಂತ ಕಡ್ಡಾಯವಾಗಿ ಹೇಳಿಕೊಡುತ್ತೇವೆ, ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು ಅಂತ ಡ್ರಿಲ್ ಮಾಡಿಸುತ್ತೇವೆ. ಆಗ ಯಾರೂ ‘ನನ್ನ ಮನಸ್ಸಿಗೆ ಕೈ ಹಾಕಿದರು’ ಅನ್ನುವುದಿಲ್ಲ ಅಲ್ವಾ? ಜಾತಿ ಕೇಳಬಾರದು, ಕೆಲಸ ಹಂಚುವಾಗ ಸರದಿ ಪಾಲಿಸಬೇಕು, ಟ್ರಾನ್ಸ್‌ಜೆಂಡರ್ ಸಹೋದ್ಯೋಗಿ ಯಾವ ಟಾಯ್ಲೆಟ್ ಬಳಸಬೇಕು ಅಂತ ಲೈನಿನ ಮಧ್ಯೆ ನಿಂತು ಚರ್ಚೆ ಮಾಡಬಾರದು, ಮುಟ್ಟಿನ ರಜೆ ಕೇಳಿದವಳನ್ನು ಎಲ್ಲರೆದುರು ಆಡಿಕೊಳ್ಳಬಾರದು. ಇವು ನಡತೆಯ ನಿಯಮಗಳು. ಕಲಿಸಬಹುದು, ಮೀರಿದರೆ ಕೇಳಬಹುದು.

ಮುಟ್ಟಿನ ರಜೆಯ ಮಾತು ಬಂದದ್ದರಿಂದ ಹೇಳುತ್ತೇನೆ. 2025ರ ಅಕ್ಟೋಬರಿನಲ್ಲಿ ನಮ್ಮ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ರಜೆಗೆ ಒಪ್ಪಿತು. ಗಾರ್ಮೆಂಟ್ಸ್‌ನ ಹೆಂಗಸರನ್ನೂ ಸೇರಿಸಿದ್ದಕ್ಕೆ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ರಜೆ ಕೇಳಲು ಆ ಹುಡುಗಿ ಹೋಗಬೇಕಾದದ್ದು ಗಂಡಸು ಸೂಪರ್‌ವೈಸರ್ ಹತ್ತಿರ. ಅವನ ಹಿಂದೆ ಬ್ಯಾಚ್ ಪೂರ್ತಿ ನಿಂತಿರುತ್ತದೆ. ಟೇಬಲ್ಲಿನ ಮೇಲೆ ಗಂಟೆಗೆ ಇಷ್ಟು ಪೀಸ್ ಅಂತ ಬರೆದ ಬೋರ್ಡು. ಅವನಿಗೆ ಯಾರೂ ಒಂದು ಮಾತು ಹೇಳಿಕೊಡದೆ ಹಕ್ಕನ್ನು ಅವಳ ಕೈಗೆ ಕೊಟ್ಟರೆ, ಎಷ್ಟು ಜನ ಕೇಳಿಯಾರು?

ಮಾಲೀಕರು ಹೇಳುವುದನ್ನೂ ತಮಗೆ ತಿಳಿಸಬೇಕು. ಅರ್ಧ ದಿನ ಲೈನ್ ನಿಂತರೆ ನಷ್ಟ ಅನ್ನುತ್ತಾರೆ. ಬೈಯರ್ ಕೊಡುವ ರೇಟು ಏರುವುದಿಲ್ಲ, ಕೇಳುವ ಸರ್ಟಿಫಿಕೇಟು ಮಾತ್ರ ಏರುತ್ತದೆ ಅನ್ನುತ್ತಾರೆ. ಇದರಲ್ಲಿ ನಿಜ ಇದೆ. ಬೈಗುಳದ ಬೇರು ಎಷ್ಟೋ ಸಲ ಟಾರ್ಗೆಟ್‌ನಲ್ಲಿದೆ ಅನ್ನುವುದನ್ನೂ ನಾನು ಒಪ್ಪುತ್ತೇನೆ. ಮ್ಯಾನೇಜರ್ ಸೂಪರ್‌ವೈಸರ್‌ಗೆ ಬೈಯುತ್ತಾನೆ, ಸೂಪರ್‌ವೈಸರ್ ಟೈಲರ್‌ಗೆ ಬೈಯುತ್ತಾನೆ. ಆದರೆ ಸಿಟ್ಟು ಬಂದಾಗ ಬಾಯಿಗೆ ಬರುವ ಬೈಗುಳ ಯಾವ ಜಾತಿಯ ಮೇಲೆ, ಯಾರ ಮೈ ಮೇಲೆ ಅಂತ ನೋಡಿದರೆ ಎಲ್ಲವನ್ನೂ ಟಾರ್ಗೆಟ್ ತಲೆಗೆ ಕಟ್ಟಲು ಆಗುವುದಿಲ್ಲ. ‘ಜಾತಿ ಇಲ್ಲದ ಕಡೆ ತರಬೇತಿ ಹೆಸರಲ್ಲಿ ಜಾತಿ ತರಬೇಡಿ’ ಅನ್ನುವವರೂ ಇದ್ದಾರೆ. ಅವರು ಒಂದು ವಾರ ನಮ್ಮ ಕ್ಯಾಂಟೀನಿನಲ್ಲಿ ಊಟ ಮಾಡಲಿ.

ದೂರದ ಅಮೆರಿಕ ಬೇಡ, ಪಕ್ಕದ ತಮಿಳುನಾಡಿನ ದಿಂಡಿಗಲ್ ನೋಡೋಣ. 2021ರ ಜನವರಿಯಲ್ಲಿ ಅಲ್ಲಿಯ ಗಾರ್ಮೆಂಟ್ಸ್ ಒಂದರ ದಲಿತ ಯುವತಿ ಕೊಲೆಯಾದಳು. ಆರೋಪ ಬಂದದ್ದು ಅವಳ ಸೂಪರ್‌ವೈಸರ್ ಮೇಲೆಯೇ. ಹೆಂಗಸರೇ ಮುನ್ನಡೆಸುವ ಅಲ್ಲಿಯ ಕಾರ್ಮಿಕ ಸಂಘ, ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್, ಬಿಡದೆ ಹೋರಾಡಿತು. 2022ರ ಏಪ್ರಿಲಿನಲ್ಲಿ ಆ ಫ್ಯಾಕ್ಟರಿಯ ಕಂಪನಿ, ಬಟ್ಟೆ ಕೊಳ್ಳುವ ಎಚ್ ಅಂಡ್ ಎಂ, ಆಮೇಲೆ ಗ್ಯಾಪ್, ಪಿವಿಎಚ್ ಕೂಡ ಒಪ್ಪಂದಕ್ಕೆ ಬಂದವು. ಅದಕ್ಕೆ ದಿಂಡಿಗಲ್ ಒಪ್ಪಂದ ಅಂತಲೇ ಹೆಸರು. ಹೆಣ್ಣು ಅನ್ನುವುದರ ಜೊತೆಗೆ ಜಾತಿ, ವಲಸೆ ಇವುಗಳ ಹೆಸರಲ್ಲಿ ನಡೆಯುವ ತಾರತಮ್ಯವನ್ನೂ ಅದರಲ್ಲಿ ಬಾಯಿಬಿಟ್ಟು ಬರೆದಿದ್ದಾರೆ. ಕಾರ್ಮಿಕರಿಗೆ, ಸೂಪರ್‌ವೈಸರ್‌ಗಳಿಗೆ, ಮ್ಯಾನೇಜರ್‌ಗಳಿಗೆ, ಎಲ್ಲರಿಗೂ ತರಬೇತಿ. ಜೊತೆಗೆ ಫ್ಲೋರಿನಲ್ಲೇ ಕೆಲಸ ಮಾಡುವ ಹೆಂಗಸರಲ್ಲಿ ಕೆಲವರನ್ನು ಯೂನಿಯನ್ ಆರಿಸಿ, ತರಬೇತಿ ಕೊಟ್ಟು, ಕಿರುಕುಳ ನಡೆಯದಂತೆ ಕಣ್ಣಿಡಲು, ಉಳಿದವರ ದೂರು ಮುಟ್ಟಿಸಲು ನೇಮಿಸಿತು. ಫ್ಯಾಕ್ಟರಿ ಮಾತು ತಪ್ಪಿದರೆ ಆರ್ಡರಿಗೆ ಪೆಟ್ಟು ಬೀಳುವ ಷರತ್ತೂ ಅದರಲ್ಲಿತ್ತು. ತರಬೇತಿಯ ಹಿಂದೆ ದೂರು, ದೂರಿನ ಹಿಂದೆ ಕ್ರಮ. ಈ ಮೂರೂ ಕೂಡಿ ಬಂದ ಕಡೆ ಮಾತ್ರ ಸೂಪರ್‌ವೈಸರ್ ಪಾಠವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾನೆ. ಅಂಥ ಒಪ್ಪಂದಕ್ಕೆ ನಮ್ಮಲ್ಲಿ ಒಂದು ಹೆಣ ಬೀಳುವ ತನಕ ಕಾಯಬೇಕಿಲ್ಲ, ಸಚಿವರೇ.

ತಮ್ಮ ಇಲಾಖೆಗೆ ಷರತ್ತು ಹಾಕುವ ಅಧಿಕಾರ ಇಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2024ರಲ್ಲಿ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಮಾಲೀಕರು ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಾಗ, ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು ಅಂತ ಇದೇ ಇಲಾಖೆ ಷರತ್ತು ಹಾಕಿತ್ತು. ಐಟಿಯವರ ತರಬೇತಿಯೂ ಏನು ದೊಡ್ಡದಲ್ಲ, ಒಂದು ವಿಡಿಯೋ ಹಾಕಿಕೊಂಡು ‘ನೆಕ್ಸ್ಟ್’ ಒತ್ತುತ್ತಾ ಹೋಗುವುದು. ಅವರಿಗೂ ನಾನು ಕೇಳುವ ನಿಯಮವೇ ಸಾಕು.

ಆ ನಿಯಮದಲ್ಲಿ ಇವಿಷ್ಟು ಇರಲಿ. ಯಾರನ್ನಾದರೂ ಸೂಪರ್‌ವೈಸರ್ ಮಾಡುವ ಮುಂಚೆಯೇ ಈ ತರಬೇತಿ ಆಗಿರಬೇಕು, ವರ್ಷಕ್ಕೊಮ್ಮೆ ಮತ್ತೆ ಆಗಬೇಕು. ಕೆಲಸದ ಹೊತ್ತಿನಲ್ಲಿ ಆಗಬೇಕು, ಆ ದಿನದ ಟಾರ್ಗೆಟ್‌ನಲ್ಲಿ ಅಷ್ಟು ಗಂಟೆ ಕಳೆಯಬೇಕು. ಊಟದ ಬಿಡುವನ್ನು ಕಿತ್ತುಕೊಂಡು ಗೌರವದ ಪಾಠ ಹೇಳಿಕೊಡಲು ಆಗುವುದಿಲ್ಲ. ಕನ್ನಡದಲ್ಲಿ ಆಗಬೇಕು, ಇದನ್ನು ಗಟ್ಟಿಯಾಗಿ ಕೇಳುತ್ತೇನೆ. ಒಡಿಯಾ ಹುಡುಗಿಗೆ ಒಡಿಯಾದಲ್ಲಿ ಹೇಳುವವರೂ ಬೇಕು. ಅವಳಿಗೆ ಲೈನಿನಲ್ಲಿ ಬಾಳಲು ಬೇಕಾದಷ್ಟು ಕನ್ನಡ ಕಲಿಸುವುದನ್ನೂ ಇದರಲ್ಲೇ ಸೇರಿಸಿ. ಕಲಿಸಿದರೆ ಅವರು ಖುಷಿಯಿಂದ ಕಲಿಯುತ್ತಾರೆ, ನಾನು ಕಂಡಿದ್ದೇನೆ. ಕಲಿಸಲು ಬರುವವರಲ್ಲಿ ಫ್ಲೋರಿನಲ್ಲಿ ದುಡಿದ ಒಬ್ಬ ಹೆಂಗಸಾದರೂ ಇರಲಿ. ಪ್ರತಿ ಫ್ಯಾಕ್ಟರಿಯಲ್ಲೂ ಜಾತಿ, ಭಾಷೆ, ಅಂಗವೈಕಲ್ಯದ ದೂರು ಕೇಳಲು ಪಾಶ್ ಸಮಿತಿಯ ಹಾಗೆ ಹೊರಗಿನ ಸದಸ್ಯರಿರುವ ಒಂದು ಸಮಿತಿ ಬೇಕು.

ಕೊನೆಯದಾಗಿ, ತಪಾಸಣೆಗೆ ಬರುವ ಲೇಬರ್ ಇನ್‌ಸ್ಪೆಕ್ಟರ್ ಸಹಿ ಹಾಕಿದ ಹಾಳೆ, ಗ್ರೂಪ್ ಫೋಟೋ ನೋಡಿ ಹೋಗಬಾರದು. ಪಾಶ್ ಕಾಯ್ದೆಯ ಪ್ರಕಾರ ಪ್ರತಿ ಸಮಿತಿಯೂ ವರ್ಷಕ್ಕೊಮ್ಮೆ ಎಷ್ಟು ದೂರು ಬಂತು, ಎಷ್ಟು ಮುಗಿಯಿತು ಅಂತ ಜಿಲ್ಲಾ ಅಧಿಕಾರಿಗೆ ವರದಿ ಕೊಡಬೇಕು. ಸಾವಿರ ಹೆಂಗಸರು ದುಡಿಯುವ ಫ್ಯಾಕ್ಟರಿಯಿಂದ ವರ್ಷದ ಮೇಲೆ ವರ್ಷ ‘ದೂರು: ಸೊನ್ನೆ’ ಅಂತ ಬರುತ್ತಿದ್ದರೆ ಅಲ್ಲಿಗೇ ಮೊದಲು ಹೋಗಲು ಹೇಳಿ. ಮ್ಯಾನೇಜ್‌ಮೆಂಟ್ ಜೊತೆಯಲ್ಲಿಲ್ಲದೆ, ಗೇಟಿನ ಹೊರಗೆ, ಶಿಫ್ಟ್ ಬಿಡುವ ಹೊತ್ತಿಗೆ ನಾಲ್ಕು ಹೆಂಗಸರನ್ನು ಮಾತಾಡಿಸಲು ಹೇಳಿ. ಯಾವ ಸೂಪರ್‌ವೈಸರ್‌ಗೆ ತರಬೇತಿ ಮುಟ್ಟಿದೆ, ಯಾರಿಗೆ ಮುಟ್ಟಿಲ್ಲ ಅಂತ ಅವರು ಹೆಸರು ಹಿಡಿದು ಹೇಳುತ್ತಾರೆ.

ಕರಡು ನಿಯಮ ಮಾಡಿ ಸಾರ್ವಜನಿಕರ ಸಲಹೆ ಕೇಳಿದರೆ, ಗಾರ್ಮೆಂಟ್ಸ್‌ನಲ್ಲಿ ದುಡಿದ ನಾವು ಒಂದಷ್ಟು ಜನ ಬಂದು ಕೂತು ಮಾತಾಡಲು ತಯಾರಿದ್ದೇವೆ. ಸಭೆಯನ್ನು ಭಾನುವಾರ ಇಟ್ಟರೆ ಟೈಲರ್‌ಗಳೂ ಬರಬಹುದು.

ವಂದನೆಗಳೊಂದಿಗೆ,
ಗಾರ್ಮೆಂಟ್ಸ್‌ನಲ್ಲಿ ವೆಲ್ಫೇರ್ ಆಫೀಸರ್ ಆಗಿದ್ದವಳು, ಬೆಂಗಳೂರು